ಗೆರೆ ಎಳೆದವರು, ಗೆರೆ ಮೇಲೆ ಹೊಲಿದವರು: ಗೋರೆಗಾಂವ್‌ನ ಒಂದು ಕೌದಿಯ ಕಥೆ

 ಈ ವಾರದ ಮಾತು ರಾಜರ ಬಗ್ಗೆ ಅಲ್ಲ, ಯುದ್ಧದ ಬಗ್ಗೆಯೂ ಅಲ್ಲ. ಒಂದು ಗೆರೆಯ ಬಗ್ಗೆ. ಬಟ್ಟೆ ಮೇಲೆ ಪುಡಿಯಲ್ಲಿ ಮೂಡಿಸಿ, ಅದರ ಮೇಲೆ ಮಷಿನ್ ಓಡಿಸಿ, ಆಮೇಲೆ ತೊಳೆದು ಅಳಿಸಿಬಿಡುವ ಗೆರೆ. ಇದರಲ್ಲಿ ಏನು ಇತಿಹಾಸ ಅಂತ ಕೇಳ್ತೀರಾ? ಸ್ವಲ್ಪ ತಾಳಿ.

ಗೋರೆಗಾಂವ್ ಪೂರ್ವದ ಆಫೀಸುಗಳಲ್ಲಿ ಕೆಲಸ ಮಾಡುವ ನಮ್ಮವರಿಗೆ ನಿರ್ಲಾನ್ ನಾಲೆಜ್ ಪಾರ್ಕ್ ಗೊತ್ತು. ಬೆಳಿಗ್ಗೆ ಸ್ಟೇಷನ್‌ನಿಂದ ಶೇರ್ ಆಟೋ ಹಿಡಿದು ಹೋಗಿ ಅಲ್ಲಿ ಐಡಿ ಕಾರ್ಡ್ ತೋರಿಸುವವರು ಸಾವಿರಾರು ಜನ. ನಿರ್ಲಾನ್ ಅನ್ನೋ ಹೆಸರು ಎಲ್ಲಿಂದ ಬಂತು ಅಂತ ಯಾವತ್ತಾದರೂ ಯೋಚಿಸಿದ್ದೀರಾ? ಅದು ಸಿಂಥೆಟಿಕ್ ನೂಲು ಮಾಡುತ್ತಿದ್ದ ಕಂಪನಿಯ ಹೆಸರು. ಅಂದರೆ ನಾವು ಇವತ್ತು ಲ್ಯಾಪ್‌ಟಾಪ್ ತೆರೆದು ಕೂರುವ ಜಾಗದಲ್ಲಿ ಒಂದು ಕಾಲಕ್ಕೆ ದಾರ ತಯಾರಾಗುತ್ತಿತ್ತು. ಮುಂಬೈಯಲ್ಲಿ ಎಲ್ಲಿ ಕೆದಕಿದರೂ ಕೆಳಗೆ ನೂಲೇ ಸಿಗುತ್ತೆ.

ರೈಲ್ವೆ ಹಳಿಯ ಆಚೆ, ಪಶ್ಚಿಮದಲ್ಲಿ, ನಮ್ಮ ದೊಡ್ಡವ್ವನ ಮನೆ. ಬೆಳಗಾವಿ ಕಡೆಯಿಂದ ಮದುವೆಯಾಗಿ ಪರೇಲ್‌ನ ಚಾಳಿಗೆ ಬಂದವರು. ದೊಡ್ಡಪ್ಪ ಒಂದು ಬಟ್ಟೆ ಗಿರಣಿಯಲ್ಲಿ ಕೆಲಸಕ್ಕಿದ್ದರು. ಬೆಳಗಾವಿ ಕಡೆಯವರಿಗೆ ಮುಂಬೈ ದೂರದ ಊರೇನಲ್ಲ. 1956ರ ನವೆಂಬರ್ 1ರ ತನಕ ಬೆಳಗಾವಿ ಬಾಂಬೆ ರಾಜ್ಯದಲ್ಲೇ ಇತ್ತಲ್ಲ. ಗಿರಣಿ ಕೆಲಸ ಅಂದ್ರೆ ಮುಂಬೈ, ಅಷ್ಟೇ ಲೆಕ್ಕ.

1982ರ ಜನವರಿ 18ರಂದು ದತ್ತಾ ಸಾಮಂತ್ ನೇತೃತ್ವದಲ್ಲಿ ಗಿರಣಿ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ಬಂದರು. ಬಹಳ ಗಿರಣಿಗಳು ಮತ್ತೆ ಮೊದಲಿನಂತೆ ಓಡಲೇ ಇಲ್ಲ. ಈ ಇತಿಹಾಸವನ್ನು ಪುಸ್ತಕಗಳಲ್ಲಿ ಓದಬಹುದು. ಆದರೆ ಆ ವರ್ಷಗಳಲ್ಲಿ ಮನೆಯೊಳಗೆ ಒಲೆ ಹೇಗೆ ಉರಿಯಿತು ಅನ್ನೋದು ಅಷ್ಟಾಗಿ ಬರೆಸಿಕೊಂಡಿಲ್ಲ. ನಮ್ಮ ದೊಡ್ಡವ್ವನ ಮನೆಯಲ್ಲಿ ಅದು ಉರಿದದ್ದು ಒಂದು ಕಾಲ್ಮಷಿನ್ನಿನಿಂದ. ಪೀಸ್ ಲೆಕ್ಕದ ಕೆಲಸ. ದಿಂಬಿನ ಕವರು, ಮಕ್ಕಳ ಫ್ರಾಕು, ಬೆಡ್‌ಶೀಟಿನ ಅಂಚು. ಗುರುತು ಹಾಕಿದ ಬಟ್ಟೆಯ ಗಂಟು ಬರುತ್ತಿತ್ತು, ಗೆರೆ ಮೇಲೆ ಮಷಿನ್ ಓಡಿಸಿ ವಾಪಸ್ ಕೊಡಬೇಕು. ಗೆರೆ ಹೊಲಿಗೆಯ ಹೊರಗೆ ಇಣುಕಿದರೆ ಆ ಪೀಸಿಗೆ ದುಡ್ಡಿಲ್ಲ.

ಈಗ ಇತಿಹಾಸಕ್ಕೆ ಬರೋಣ. ಬಟ್ಟೆ ಮೇಲೆ ಚಿತ್ತಾರ ಎಲ್ಲಿ ಬರಬೇಕು ಅಂತ ಸೂಜಿಗೆ ಹೇಗೆ ಗೊತ್ತಾಗುತ್ತೆ? ನಮ್ಮ ನಾಡಿನಲ್ಲೇ ಇದಕ್ಕೆ ಮೂರು ಉತ್ತರ ಇವೆ.

ಮೊದಲನೆಯದು ಎಣಿಕೆ. ಧಾರವಾಡದ ಕಡೆಯ ಕಸೂತಿ ನೋಡಿ. ಗವಂತಿ, ಮುರ್ಗಿ, ನೇಗಿ, ಮೆಂತೆ ಅಂತ ನಾಲ್ಕು ಹೊಲಿಗೆ. ಬಟ್ಟೆ ಮೇಲೆ ಪೆನ್ಸಿಲ್ ತಾಗಿಸುವ ಹಾಗಿಲ್ಲ. ಇಳಕಲ್ ಸೀರೆಯ ನೇಯ್ಗೆಯ ಎಳೆಗಳನ್ನೇ ಎಣಿಸುತ್ತಾ ಗೋಪುರ, ತೇರು, ಆನೆ ಮೂಡಿಸಬೇಕು. ಎಣಿಕೆ ತಪ್ಪಿದರೆ ಬಿಚ್ಚಬೇಕು.

ಎರಡನೆಯದು ಕಣ್ಣಂದಾಜು. ಅದು ಕೌದಿ. ಹಳೇ ಸೀರೆ, ಧೋತರ, ಅಂಗಿಯ ತುಂಡುಗಳನ್ನು ಪದರ ಪದರವಾಗಿ ಹಾಸಿ ಉದ್ದಕ್ಕೂ ಸಾಲು ಹೊಲಿಗೆ ಹಾಕುತ್ತಾ ಹೋಗುವುದು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಸೀಮೆಯ ಸಿದ್ದಿ ಹೆಣ್ಣುಮಕ್ಕಳು ಅಂಚಿನ ಮೂಲೆಯಿಂದ ಶುರುಮಾಡಿ, ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ಮಡಚಿದ ತ್ರಿಕೋನದ ಬಟ್ಟೆ ಇಟ್ಟು ಹೊಲಿಯುತ್ತಾರೆ, ಅದಕ್ಕೆ ಫುಲಾ ಅಂತಾರೆ. ಅಲ್ಲಿ ಹಿಂದಿನ ಸಾಲೇ ಮುಂದಿನ ಸಾಲಿಗೆ ದಾರಿ. ಬೇರೆ ಗೆರೆ ಬೇಕಿಲ್ಲ.

ಮೂರನೆಯದು ಗುರುತು. ಮುಂಬೈಯ ಜರಿ, ಎಂಬ್ರಾಯ್ಡರಿ ಕಾರಖಾನೆಗಳಲ್ಲಿ ಇದರ ಹೆಸರು ಖಾಕಾ. ತೆಳುವಾದ ಟ್ರೇಸಿಂಗ್ ಕಾಗದದ ಮೇಲೆ ಡಿಸೈನ್ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಸಣ್ಣ ಸಣ್ಣ ತೂತು ಮಾಡುತ್ತಾರೆ. ಕಾಗದವನ್ನು ಬಟ್ಟೆ ಮೇಲಿಟ್ಟು, ಸೀಮೆಎಣ್ಣೆಯಲ್ಲಿ ಕಲಸಿದ ಬಿಳಿ ಪುಡಿಯನ್ನೋ ನೀಲಿಯನ್ನೋ ಬಟ್ಟೆಯುಂಡೆಯಿಂದ ಉಜ್ಜುತ್ತಾರೆ. ಕಾಗದ ಎತ್ತಿದರೆ ಕೆಳಗೆ ಚುಕ್ಕಿಗಳ ಗೆರೆ. ನಮ್ಮಲ್ಲಿ ತೂತಿನ ರಂಗೋಲಿ ಅಚ್ಚು ಇದೆಯಲ್ಲ, ಥೇಟ್ ಅದೇ. ಒಂದು ಖಾಕಾದಿಂದ ಎಷ್ಟೋ ಪೀಸಿಗೆ ಗುರುತು ಹಾಕಬಹುದು.

ಇದು ಬರೀ ಮುಂಬೈಯ ಉಪಾಯ ಅಂದ್ಕೋಬೇಡಿ. ಚೀನಾದ ದುನ್‌ಹುವಾಂಗ್ ಗುಹೆಯಲ್ಲಿ ಸಿಕ್ಕ ಸುಮಾರು 10ನೇ ಶತಮಾನದ ಕಾಗದಗಳಲ್ಲಿ ಹೀಗೇ ಸೂಜಿಯಿಂದ ಚುಚ್ಚಿದ ಬುದ್ಧನ ಚಿತ್ರಗಳಿವೆ. ಒಂದೇ ಕಾಗದದಿಂದ ಗೋಡೆ ತುಂಬ ಬುದ್ಧರನ್ನು ಮೂಡಿಸಲಿಕ್ಕೆ. 1508ರಿಂದ 1512ರವರೆಗೆ ಮೈಕೆಲಾಂಜೆಲೊ ಸಿಸ್ಟೈನ್ ಚಾಪೆಲ್‌ನ ಚಾವಣಿಗೆ ಬಣ್ಣ ಹಚ್ಚುವಾಗಲೂ ತೂತು ಕಾಗದ ಮತ್ತು ಇದ್ದಿಲ ಪುಡಿ ಬಳಸಿದ. ಅವನ ಗೆರೆ ಅವನದ್ದೇ ಆಗಿತ್ತು, ಹಾಗಾಗಿ ಹೆಸರು ಉಳಿಯಿತು.

ಇಂಗ್ಲೆಂಡಿನ ಉತ್ತರ ಭಾಗದ ಆಲನ್‌ಹೆಡ್ಸ್ ಎಂಬ ಹಳ್ಳಿಯಲ್ಲಿ ಇನ್ನೂ ಸ್ವಾರಸ್ಯದ ಕಥೆ. ಅಲ್ಲಿನ ಬಟ್ಟೆ ವ್ಯಾಪಾರಿ ಜಾರ್ಜ್ ಗಾರ್ಡಿನರ್ ಮತ್ತು ಅವನ ಹತ್ತಿರ ಕಲಿತ ಎಲಿಜಬೆತ್ ಸ್ಯಾಂಡರ್‌ಸನ್ 19ನೇ ಶತಮಾನದ ಕೊನೆಯಿಂದ ದುಪ್ಪಟಿಗಳ ಮೇಲೆ ನೀಲಿ ಪೆನ್ಸಿಲ್‌ನಲ್ಲಿ ಡಿಸೈನ್ ಬರೆದುಕೊಡುತ್ತಿದ್ದರು. ಕೊಂಡವರು ಮನೆಯಲ್ಲಿ ಕೂತು ಅದರ ಮೇಲೆ ಕೈಹೊಲಿಗೆ ಹಾಕುತ್ತಿದ್ದರು. ಗೆರೆ ಎಳೆದ ಈ ಇಬ್ಬರ ಹೆಸರು ಇತಿಹಾಸದಲ್ಲಿದೆ. ಹೊಲಿದ ಹೆಂಗಸರಲ್ಲಿ ಹೆಚ್ಚಿನವರ ಹೆಸರು ಇಲ್ಲ.

ಇನ್ನು ಮಷಿನ್. ಎಲಿಯಾಸ್ ಹೋವ್ 1846ರಲ್ಲಿ ಪೇಟೆಂಟ್ ತಗೊಂಡ, ಐಸಾಕ್ ಸಿಂಗರ್ 1851ರಲ್ಲಿ. ಆದರೆ ನಮ್ಮ ಕಥೆಗೆ ಮುಖ್ಯವಾದವನು ಅಲೆನ್ ವಿಲ್ಸನ್. 1854ರಲ್ಲಿ ಅವನು ಪೇಟೆಂಟ್ ಮಾಡಿದ್ದು ಸೂಜಿಯ ಕೆಳಗಿನ ಹಲ್ಲುಗಳ ವ್ಯವಸ್ಥೆಯನ್ನು. ಹಲ್ಲು ಮೇಲೆದ್ದು ಬಟ್ಟೆ ಹಿಡಿಯುತ್ತೆ, ಹಿಂದಕ್ಕೆ ತಳ್ಳುತ್ತೆ, ಕೆಳಗಿಳಿಯುತ್ತೆ, ಮುಂದಕ್ಕೆ ಬರುತ್ತೆ. ಇವತ್ತಿಗೂ ನಿಮ್ಮ ಮನೆಯ ಉಷಾ ಮಷಿನ್ ಬಟ್ಟೆ ಎಳೆಯೋದು ಹೀಗೇ. ನೇರ ಹೊಲಿಗೆ ಸಮ ಅಂತರದಲ್ಲಿ ಬರಲು ಇದೇ ಕಾರಣ.

ಎಂಬ್ರಾಯ್ಡರಿ ಮಾಡುವವರು ಕಂಡುಕೊಂಡದ್ದು ಇದರ ಉಲ್ಟಾ. ಹಲ್ಲುಗಳನ್ನು ಕೆಳಗಿಳಿಸಿಬಿಡು, ಅಥವಾ ಮುಚ್ಚಿಬಿಡು. ಆಗ ಬಟ್ಟೆಯ ಮೇಲೆ ಮಷಿನ್ನಿಗೆ ಹಿಡಿತವಿಲ್ಲ, ಪೂರ್ತಿ ಕೈಯದ್ದೇ ಆಟ. ಸೂಜಿ ನಿಂತಲ್ಲೇ ಕುಣಿಯುತ್ತೆ, ಬಟ್ಟೆ ನಾಲ್ಕೂ ದಿಕ್ಕಿಗೆ ಹೋಗಬಹುದು. ಸಿಂಗರ್ ಕಂಪನಿಯೇ 1911ರಲ್ಲಿ ಮನೆಯ ಮಷಿನ್ನಿನಲ್ಲಿ ಎಂಬ್ರಾಯ್ಡರಿ ಮಾಡೋದು ಹೇಗೆ ಅಂತ ಪುಸ್ತಕ ತಂದಿತು. ದುಪ್ಪಟಿಯ ಲೋಕದಲ್ಲಿ ಮಾತ್ರ ಮಷಿನ್ ಹೊಲಿಗೆಗೆ ಬಹಳ ಕಾಲ ಮರ್ಯಾದೆ ಇರಲಿಲ್ಲ, ಕೈಹೊಲಿಗೆಯೇ ಶ್ರೇಷ್ಠ ಅಂತಿದ್ದರು. 1989ರಲ್ಲಿ ಅಮೆರಿಕದ ಪಡೂಕಾ ಊರಿನ ದೊಡ್ಡ ಪ್ರದರ್ಶನದಲ್ಲಿ ಕ್ಯಾರಲ್ ಬ್ರೈಯರ್ ಫ್ಯಾಲರ್ಟ್ ಎಂಬಾಕೆ ಮಷಿನ್ನಿನಲ್ಲಿ ಹೊಲಿದ ದುಪ್ಪಟಿಗೆ ಮೊದಲ ಬಾರಿ ಅತ್ಯುನ್ನತ ಬಹುಮಾನ ಬಂತು. ಅದೇ ಹೊತ್ತಿಗೆ ಗೋರೆಗಾಂವ್‌ನಲ್ಲಿ ನಮ್ಮ ದೊಡ್ಡವ್ವ ಪೀಸ್ ಲೆಕ್ಕದಲ್ಲಿ ಅದೇ ಕೈಚಳಕ ಮಾಡುತ್ತಿದ್ದರು.

ಹೋದ ದೀಪಾವಳಿಗೆ ಊರಿಂದ ಬರುವಾಗ ಅಜ್ಜಿಯ ಹಳೇ ಸೀರೆಗಳನ್ನು ತಂದು ದೊಡ್ಡವ್ವನ ಮುಂದಿಟ್ಟೆ. ಅಜ್ಜಿ ತೀರಿಕೊಂಡು ವರ್ಷವಾಗಿತ್ತು. "ಒಂದು ಕೌದಿ ಮಾಡಿಕೊಡಿ" ಅಂದೆ.

"ಕೈಲೆ ಹೊಲಿಯೂದು ಇನ್ನ ಆಗೂದಿಲ್ಲೋ ತಮ್ಮಾ. ಕಣ್ಣ ಕಾಣಸೂದಿಲ್ಲ. ಮಷಿನ್‌ನ್ಯಾಗ ಹಾಕ್ತೇನಿ, ನೀನೂ ಕುಂದರು" ಅಂದರು.

ಟ್ರಂಕಿನಿಂದ ಹಳೇ ಖಾಕಾ ಕಾಗದಗಳು ಹೊರಗೆ ಬಂದವು. ಮಾವಿನಕಾಯಿ, ಬಳ್ಳಿ, ಗರಿ. ಅಂಚಿಗೆ ಬಳ್ಳಿ ಅಂತ ತೀರ್ಮಾನವಾಯಿತು. ಆ ನಾಲ್ಕು ಭಾನುವಾರ ನಾನು ಕಲಿತದ್ದನ್ನು ಹೇಳ್ತೀನಿ, ಮಾಡಿ ನೋಡುವವರಿಗೆ ಉಪಯೋಗವಾದೀತು.

ಪೂರ್ತಿ ಗುರುತು ಒಂದೇ ಸಲ ಹಾಕಬೇಡಿ. ಕೈ ತಾಗಿ ತಾಗಿ ಪುಡಿ ಉದುರುತ್ತೆ. ಒಂದು ಮೊಳ ಗುರುತು, ಒಂದು ಮೊಳ ಹೊಲಿಗೆ. ಯಾವ ಪುಡಿ, ಯಾವ ಪೆನ್ನು ಆದರೂ ಮೊದಲು ಚಿಂದಿ ಬಟ್ಟೆ ಮೇಲೆ ಹಾಕಿ ತೊಳೆದು ನೋಡಿ. ನೀರಿನಲ್ಲಿ ಹೋಗುವ ಕೆಲವು ನೀಲಿ ಪೆನ್ನಿನ ಗೆರೆಯ ಮೇಲೆ ಇಸ್ತ್ರಿ ಇಟ್ಟರೆ ಅದು ಅಲ್ಲೇ ಕೂತುಬಿಡುತ್ತೆ. ಶುರು ಮಾಡುವಾಗ ಬಾಬಿನ್ ದಾರವನ್ನು ಮೇಲಕ್ಕೆಳೆದುಕೊಳ್ಳಿ, ಇಲ್ಲದಿದ್ದರೆ ಕೆಳಗೆ ಗಂಟು ಬೀಳುತ್ತೆ. ಹೊಲಿಗೆ ಉದ್ದವೋ ಗಿಡ್ಡವೋ ಅನ್ನೋದು ನಿಮ್ಮ ಕೈ ಮತ್ತು ಕಾಲಿನ ಲೆಕ್ಕ. ಕೈ ಓಡಿ ಕಾಲು ನಿಧಾನವಾದರೆ ಉದ್ದ, ಕಾಲು ಓಡಿ ಕೈ ನಿಂತರೆ ಒಂದೇ ಕಡೆ ಗಿಜಿಗಿಜಿ. ಈಗ ಸಿಗುವ ಪ್ಲಾಸ್ಟಿಕ್ ಅಚ್ಚಿನಲ್ಲಿ ಗೆರೆ ನಡುನಡುವೆ ತುಂಡಾಗಿರುತ್ತೆ, ಇಲ್ಲದಿದ್ದರೆ ಅಚ್ಚೇ ಕಳಚಿ ಬೀಳುತ್ತಲ್ಲ. ಆ ಖಾಲಿ ಜಾಗವನ್ನು ನೀವೇ ಕಣ್ಣಲ್ಲಿ ತುಂಬಿಕೊಂಡು ದಾಟಬೇಕು.

ನಾನು ಮಾಡುತ್ತಿದ್ದ ದೊಡ್ಡ ತಪ್ಪು ಸೂಜಿಯನ್ನೇ ನೋಡುವುದು. ಗೆರೆಯಿಂದ ಸರಿದ ಕೂಡಲೇ ಬಟ್ಟೆಯನ್ನು ಜಗ್ಗಿ ವಾಪಸ್ ತರುತ್ತಿದ್ದೆ. ಅಲ್ಲೊಂದು ಚೂಪು ಮೂಲೆ ಬೀಳುತ್ತಿತ್ತು.

"ಸೂಜಿ ನೋಡಬ್ಯಾಡ, ಅದೇನ್ ಓಡಿ ಹೋಗೂದಿಲ್ಲ. ಹೋಗೂ ಹಾದಿ ನೋಡು. ತಪ್ಪಿದ್ರ ತಪ್ಪಲಿ, ಮುಂದಿನ ತಿರುವಿನ್ಯಾಗ ಸಾವಕಾಶ ಕೂಡಿಸ್ಕೋ. ತೊಳದ ಮ್ಯಾಲ ಗೆರಿ ಇರೂದಿಲ್ಲ. ನೀ ತಪ್ಪಿದ್ದು ಯಾರಿಗೆ ಗೊತ್ತಾಕ್ಕತಿ?"

"ಆದ್ರೆ ಆಗ ಪೀಸ್ ವಾಪಸ್ ಬರ್ತಿತ್ತಲ್ಲ ದೊಡ್ಡವ್ವ?"

"ಬರ್ತಿತ್ತು. ಅವರು ತೊಳದ ನೋಡ್ತಿರ್ಲಿಲ್ಲಲ್ಲ."

ಅವರ ಪೀಸ್ ಕೆಲಸ ನಿಂತದ್ದು ಕಂಪ್ಯೂಟರ್ ಎಂಬ್ರಾಯ್ಡರಿ ಮಷಿನ್‌ಗಳು ಬಂದ ಮೇಲೆ. ಅವಕ್ಕೆ ಬಟ್ಟೆ ಮೇಲೆ ಗೆರೆಯೇ ಬೇಡ, ಗೆರೆ ಫೈಲಿನೊಳಗಿರುತ್ತೆ. ಹತ್ತಾರು ಸೂಜಿ ಒಟ್ಟಿಗೆ ಓಡುತ್ತವೆ, ಒಂದೂ ಸರಿಯುವುದಿಲ್ಲ. ಬೇರೆಯವರು ಬರೆದ ಸ್ಪೆಕ್ ನೋಡಿ ಕೋಡ್ ಬರೆಯುವ ನನಗೆ ಈ ಮಾತು ಕೇಳಿ ಹೊಟ್ಟೆಯಲ್ಲಿ ಸ್ವಲ್ಪ ಕಸಿವಿಸಿಯಾದದ್ದು ನಿಜ.

ಅಂಚು ಮುಗಿದ ಮೇಲೆ ನಡುವಿನ ಭಾಗ ಉಳಿಯಿತು. ಅದಕ್ಕೆ ಖಾಕಾ ಬೇಡ, ನಿಮಗೆ ತೋಚಿದ ಹಾಗೆ ಹಾಕಿ ಅಂದೆ. ದೊಡ್ಡವ್ವ ಕಾಲು ಪೆಡಲ್ ಮೇಲಿಟ್ಟು ಬಹಳ ಹೊತ್ತು ಸುಮ್ಮನೆ ಕೂತರು. "ಗೆರಿ ಇಲ್ದ ಹೊಲದು ಭಾಳ ವರ್ಷ ಆತು" ಅಂದರು. ಆಮೇಲೆ ಎದ್ದು ಚಹಾ ಇಟ್ಟರು. ಆ ದಿನ ಹೊಲಿಯಲಿಲ್ಲ.

ಮುಂದಿನ ಭಾನುವಾರ ನಾನು ಹೋಗುವಷ್ಟರಲ್ಲಿ ನಡುವಿನ ಸಾಲುಗಳು ಅರ್ಧ ಮುಗಿದಿದ್ದವು. ಅಂಚಿನಿಂದ ಒಳಕ್ಕೆ, ಊರಲ್ಲಿ ಅಜ್ಜಿ ಕೈಯಲ್ಲಿ ಹಾಕುತ್ತಿದ್ದ ಹಾಗೆ ಸಾಲಿನ ಪಕ್ಕ ಸಾಲು. ಒಂದು ಕಡೆ ಸಾಲು ವಾರೆಯಾಗಿದೆ. ಬಿಚ್ಚಲಾ ಅಂತ ಕೇಳಿದೆ. ಬೇಡ ಅಂದರು. ಬಕೆಟ್‌ನಲ್ಲಿ ನೆನೆಸಿ ಗ್ಯಾಲರಿಯ ಹಗ್ಗಕ್ಕೆ ಹಾಕಿದೆವು. ಅಂಚಿನ ಬಿಳಿ ಗೆರೆ ಪೂರ್ತಿ ಹೋಗಿತ್ತು.

ಸ್ನೇಹಿತರೇ, ಗಿರಣಿ ಮುಷ್ಕರದ ಇತಿಹಾಸದಲ್ಲಿ ಈ ಮಷಿನ್‌ಗಳ ಸದ್ದು ಕೇಳೋದು ಕಡಿಮೆ. ನಿಮ್ಮ ಮನೆಯಲ್ಲೂ ಅತ್ತೆಯೋ, ಚಿಗವ್ವನೋ, ಪಕ್ಕದ ಖೋಲಿಯ ಕಾಕೂನೋ ಪೀಸ್ ಲೆಕ್ಕಕ್ಕೆ ಹೊಲಿದಿರಬಹುದು. ಒಂದು ಪೀಸಿಗೆ ಎಷ್ಟು ಕೊಡ್ತಿದ್ದರು, ಗುರುತು ಯಾರು ಹಾಕ್ತಿದ್ದರು ಅಂತ ಕೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಅವರು ಇರುವಾಗಲೇ ಕೇಳಿ. ಮುಂದಿನ ವಾರ ಸಿಗೋಣ.