ಬೀಗ ಇಲ್ಲದ ಬಾಗಿಲು

ಪೇಪರಿನಲ್ಲಿ ‘ಮನೆಗೆ ಕನ್ನ’ ಅಂತ ಓದಿದರೆ ಇವತ್ತು ಕಣ್ಣಮುಂದೆ ಬರೋದು ಮುರಿದ ಬೀಗ. ಕನ್ನ ಅಂದರೆ ಮೂಲತಃ ಗೋಡೆಗೆ ಕೊರೆದ ತೂತು. ಮಣ್ಣಿನ ಗೋಡೆ ಕಂಡವರಿಗೆ ಅದರ ಭಯ ಗೊತ್ತು. 1860ರ ಭಾರತೀಯ ದಂಡ ಸಂಹಿತೆ ಬರೆದವರಿಗೂ ಗೊತ್ತಿತ್ತು: 445ನೇ ಕಲಮಿನ ಮೊದಲ ಉದಾಹರಣೆಯೇ ಗೋಡೆ ಕೊರೆದು ಒಳಗೆ ಕೈ ಹಾಕಿದವನದು. ಕೈ ಹೋದರೆ ಸಾಕು, ಮನೆ ಒಡೆದಂತೆ.

ಆದರೆ ನನಗೆ ಹಿಡಿಸಿದ್ದು ಉಳಿದ ಉದಾಹರಣೆಗಳು. ಮನೆಯವರು ಕಳಕೊಂಡ ಕೀಲಿ ಸಿಕ್ಕಿ ಅದರಿಂದಲೇ ಬಾಗಿಲು ತೆಗೆದರೂ, ತಂತಿ ತೂರಿಸಿ ಚಿಲಕ ಎತ್ತಿದರೂ, ಭದ್ರಪಡಿಸಿ ಮುಚ್ಚಿದ್ದ ಬಾಗಿಲು ತೆರೆದು ನುಗ್ಗಿದರೂ ಅದೇ ಅಪರಾಧ. ಏನೂ ಮುರಿಯಬೇಕಿಲ್ಲ! ಟೆಸ್ಟ್ ಕೇಸ್ ಬರೆಯೋ ನಾವು ನೋಡಿ ಕಲೀಬೇಕು. ಕೆಟ್ಟ ಉದ್ದೇಶ ಮಾತ್ರ ಇರಲೇಬೇಕು. ಮಜ್ಜಿಗೆ ಕೇಳಲು ಬಾಗಿಲು ತಳ್ಳಿದ ಪಕ್ಕದ ಮನೆ ಕಾಕು ಕಳ್ಳಿ ಆಗೋದಿಲ್ಲ. ಭಾಲ್ಕಿ ಕಡೆ ಹಳ್ಳಿಗಳಲ್ಲಿ ಕೊಂಡಿ ಸಿಗಿಸಿ ಹೊಲಕ್ಕೆ ಹೋಗುವವರಿಗೆ ಇದು ಸಣ್ಣ ಮಾತಲ್ಲ.

ಈ ಸಂಹಿತೆ ಬ್ರಿಟಿಷ್ ಭಾರತದಲ್ಲಿ 1862ಕ್ಕೇ ಜಾರಿಯಾಯಿತು. ನಿಜಾಮನ ಹೈದರಾಬಾದಿಗೆ ಸೇರಿದ್ದ ನಮ್ಮ ಬೀದರಿಗೆ ಬಂದದ್ದು 1951ರ ಏಪ್ರಿಲ್ 1ರಂದು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂತು, ಕಲಮು 330 ಆಯಿತು. ಗೋಡೆಯ ತೂತು, ಕಳೆದ ಕೀಲಿ, ತಂತಿ ಎಲ್ಲಾ ಹಾಗೇ ಇವೆ.