ಇಟಲಿಯ ಸಾಂಜೋವೇಸೆ ದ್ರಾಕ್ಷಿ ನಮ್ಮ ಜಿಲ್ಲೆಗೆ ಬಂದ ಕತೆ

ಬೆಂಗಳೂರು, ಹೈದರಾಬಾದ್‌ನ ದೊಡ್ಡ ಅಂಗಡಿಗಳಲ್ಲಿ ‘ಕೃಷ್ಮಾ’ ಹೆಸರಿನ ಕೆಂಪು ವೈನ್ ಸಿಗುತ್ತದೆ. ಚೀಟಿಯ ಮೇಲೆ ‘ಹಂಪಿ ಹಿಲ್ಸ್’ ಎಂದಿರುತ್ತದೆ. ಆದರೆ ಅದರ ದ್ರಾಕ್ಷಿ ಬೆಳೆಯುವುದು ನಮ್ಮ ಕೊಪ್ಪಳ ಜಿಲ್ಲೆಯ ಗುಡ್ಡದ ನೆಲದಲ್ಲಿ. ಹೆಸರು ಹೊಳೆಯ ಆ ದಂಡೆಗೆ, ದುಡಿಮೆ ಈ ದಂಡೆಗೆ. ಇದು ನಮಗೇನೂ ಹೊಸದಲ್ಲ ಬಿಡಿ.

ಹೈದರಾಬಾದ್‌ನ ಔಷಧ ಉದ್ಯಮಿಗಳಾದ ಕೃಷ್ಣ ಪ್ರಸಾದ್ ಮತ್ತು ಉಮಾ ಚಿಗುರುಪಾಟಿ ದಂಪತಿ ಕಟ್ಟಿದ ತೋಟ ಅದು. ಅಲ್ಲಿ ಹಾಕಿರುವ ತಳಿಗಳಲ್ಲಿ ಒಂದು ಸಾಂಜೋವೇಸೆ. ಇಟಲಿಯ ಟಸ್ಕನಿ ಪ್ರಾಂತ್ಯದ ಬಳ್ಳಿ. ‘ಜೋವ್ ದೇವರ ರಕ್ತ’ ಎಂದು ಆ ಹೆಸರಿಗೆ ಅರ್ಥ ಹೇಳುತ್ತಾರೆ. ಪ್ರಸಿದ್ಧ ಕಿಯಾಂಟಿ ವೈನ್ ಆಗುವುದು ಮುಖ್ಯವಾಗಿ ಇದರಿಂದಲೇ.

1716ರಲ್ಲಿ ಟಸ್ಕನಿಯ ಅರಸ ಮೂರನೇ ಕೋಸಿಮೊ ಒಂದು ಆಜ್ಞೆ ಹೊರಡಿಸಿದ. ಇಂತಿಂಥ ಎಲ್ಲೆಯೊಳಗೆ ಬೆಳೆದದ್ದಕ್ಕೆ ಮಾತ್ರ ಕಿಯಾಂಟಿ ಎಂಬ ಹೆಸರು. ನಮ್ಮ ಕಿನ್ನಾಳ ಗೊಂಬೆಗೆ ಈಗ ಜಿಐ ಗುರುತು ಇದೆಯಲ್ಲ, ಅಂಥದ್ದೇ. 1872ರಲ್ಲಿ ಬೆತ್ತಿನೊ ರಿಕಾಸೋಲಿ ಎಂಬ ಜಮೀನುದಾರ ಅದರ ಹದ ಬರೆದಿಟ್ಟ: ಪರಿಮಳ, ಕಸುವು ಸಾಂಜೋವೇಸೆಯಿಂದ, ಅದರ ಗಡಸು ತಗ್ಗಿಸಲು ಬೇರೆ ತಳಿ ಸ್ವಲ್ಪ. ಈತ ಇಟಲಿಯ ಪ್ರಧಾನಿಯೂ ಆಗಿದ್ದವ.

ಈ ವೈನಿನ ಗುಣ ಎಂದರೆ ಹುಳಿ, ಒಗರು. ಬಣ್ಣ ತೀರಾ ಗಾಢವಲ್ಲ, ಚೆರಿ ಹಣ್ಣಿನ ವಾಸನೆ. ಹುಳಿ ಇರುವುದರಿಂದಲೇ ಇಟಲಿಯವರು ಇದನ್ನು ಟೊಮೆಟೊ ಸಾರು, ಸುಟ್ಟ ಮಾಂಸದ ಜೊತೆ ಕುಡಿಯುತ್ತಾರೆ. ಹುಳಿ ಅಡುಗೆಯ ಎದುರು ಹುಳಿ ಇಲ್ಲದ ವೈನ್ ಸಪ್ಪೆ ಎನಿಸುತ್ತದೆ. ಒಗರು ಮಾಂಸದ ಜಿಡ್ಡನ್ನು ನಾಲಿಗೆಯಿಂದ ತೆಗೆಯುತ್ತದೆ. ಆ ಲೆಕ್ಕದಲ್ಲಿ ನಮ್ಮ ಪುಂಡಿಪಲ್ಯ, ರೊಟ್ಟಿ, ಮಟನ್ ಖಂಡದ ಜೊತೆ ಹೊಂದಬೇಕು. ಖಾರ ಜಾಸ್ತಿಯಾದರೆ ಮಾತ್ರ ಕೆಟ್ಟಿತು. ಮದ್ಯ ಖಾರದ ಉರಿಯನ್ನು ಏರಿಸುತ್ತದೆ, ಒಗರು ಇನ್ನೂ ಒರಟಾಗುತ್ತದೆ. ಮಿರ್ಚಿ ಬಜಿಗೆ ಚಹಾನೇ ಸರಿ. ಕುಡಿತದಿಂದ ಹಾಳಾದ ಮನೆಗಳು ನಮ್ಮೂರುಗಳಲ್ಲಿ ಎಷ್ಟಿವೆ ಎಂದು ನಿಮಗೆ ಗೊತ್ತು, ಕುಡಿಯಿರಿ ಎಂದು ನಾನು ಬರೆಯುತ್ತಿಲ್ಲ.

ಇಟಲಿಗೂ ನಮಗೂ ನಂಟು ಹಳೆಯದು. ಸುಮಾರು 1420ರಲ್ಲಿ ವೆನಿಸ್ ಕಡೆಯ ನಿಕೊಲೊ ಕೊಂಟಿ ವಿಜಯನಗರಕ್ಕೆ ಬಂದಿದ್ದ. ಊರಿಗೆ ಮರಳಿದ ಮೇಲೆ ಅವನ ಕತೆಯನ್ನು ಬರೆದುಕೊಂಡವನು ಪೋಜ್ಜೊ, ಟಸ್ಕನಿಯವನೇ. ಆಗ ಅವರಲ್ಲಿ ಟೊಮೆಟೊ ಇರಲಿಲ್ಲ, ನಮ್ಮಲ್ಲಿ ಮೆಣಸಿನಕಾಯಿ ಇರಲಿಲ್ಲ. ಎರಡೂ ಅಮೆರಿಕದಿಂದ ಆಮೇಲೆ ಬಂದವು. ದ್ರಾಕ್ಷಿ ಮಾತ್ರ ಇಲ್ಲಿ ಹಳೆಯದು. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ವ್ಯಾಪಾರಿ ಪಾಯೆಸ್ ವಿಜಯನಗರದ ಪೇಟೆಯಲ್ಲಿ ದ್ರಾಕ್ಷಿ ಮಾರುವುದನ್ನು ಬರೆದಿದ್ದಾನೆ.

ಇಟಲಿಯಲ್ಲಿ ಚಳಿಗಾಲಕ್ಕೆ ಬಳ್ಳಿ ಮಲಗುತ್ತದೆ, ವರ್ಷಕ್ಕೆ ಒಂದೇ ಚಾಟ್ನಿ, ಸೆಪ್ಟೆಂಬರ್-ಅಕ್ಟೋಬರಿಗೆ ಕೊಯ್ಲು. ನಮ್ಮಲ್ಲಿ ಬಳ್ಳಿಗೆ ನಿದ್ದೆಯೇ ಇಲ್ಲ. ಏಪ್ರಿಲ್ ಚಾಟ್ನಿ ಒಂದು, ಅಕ್ಟೋಬರ್ ಆಸುಪಾಸಿನ ಚಾಟ್ನಿ ಇನ್ನೊಂದು, ಬೇಸಿಗೆ ಬಾಗಿಲಿಗೆ ಕೊಯ್ಲು. ಕುಷ್ಟಗಿ ಕಡೆ ದ್ರಾಕ್ಷಿ ಹಾಕಿದ ರೈತರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಅವರು ನೋಡಬೇಕಾದದ್ದು ಬೇರೆ. ಥಾಮ್ಸನ್ ಹಾಕಿದರೆ ಹಣ್ಣು ಮಾರಬಹುದು, ದರ ಬಿದ್ದರೆ ಒಣಗಿಸಿ ಮನೂಕ ಮಾಡಬಹುದು. ವೈನ್ ದ್ರಾಕ್ಷಿ ಸಣ್ಣದು, ಬೀಜ ಇರುವಂಥದ್ದು. ಸಂತೆಯಲ್ಲಿ ಯಾರೂ ಕೊಳ್ಳುವುದಿಲ್ಲ, ಮನೂಕಕ್ಕೂ ಬಾರದು. 2007ರಲ್ಲಿ ರಾಜ್ಯ ಸರ್ಕಾರ ವೈನ್ ನೀತಿ ತಂದಾಗ ರೈತರಿಗೆ ಹೊಸ ದಾರಿ ಎಂಬ ಮಾತಿತ್ತು. ಅದಾಗಿ ಎರಡು-ಮೂರು ವರ್ಷದಲ್ಲೇ ನಾಸಿಕ್‌ನಲ್ಲಿ ವೈನ್ ಮಾರಾಟ ಕುಸಿದು, ಕೊಳ್ಳುವವರಿಲ್ಲದೆ ಎಷ್ಟೋ ರೈತರು ಬಳ್ಳಿ ಕಿತ್ತು ಹಾಕಿದರು. ಸ್ವಂತ ಕಾರ್ಖಾನೆ, ಸ್ವಂತ ತೋಟ ಇದ್ದವರ ಲೆಕ್ಕ ಬೇರೆ. ನಾಲ್ಕು ಎಕರೆಯವರು ಯಾರಾದರೂ ಇಂಥ ತಳಿ ಹಾಕಿ ಎಂದು ಬಂದರೆ, ಕಿಲೋಗೆ ಎಷ್ಟು, ಎಷ್ಟು ವರ್ಷಕ್ಕೆ, ಹಣ್ಣಿನ ಸಕ್ಕರೆ ಪ್ರಮಾಣ ಕಡಿಮೆ ಬಂದರೆ ಎಷ್ಟು ಕಡಿತ ಎಂಬುದನ್ನು ಕನ್ನಡದಲ್ಲಿ ಬರೆದ ಕಾಗದ ಕೇಳಿ, ಆಮೇಲೆ ಗುಂಡಿ ತೋಡಿಸಿ.