ಸೋಫಿಯಾ ನಗರವೂ ಪ್ರಾವೆಟ್ಸ್ ಗಣಕವೂ

ತ್ಸಾರಿಗ್ರಾದ್‌ಸ್ಕೋ ಶೊಸೆ ಎಂಬ ಸೋಫಿಯಾದ ರಾಜಮಾರ್ಗದ ಇಕ್ಕೆಲಗಳಲ್ಲಿ ಎದ್ದು ನಿಂತಿರುವ ಗಾಜಿನ ಸೌಧಗಳಲ್ಲಿ ತಂತ್ರಾಂಶದ ಉದ್ಯೋಗವನ್ನು ಕೈಕೊಂಡಿರುವ ನಾವು ಕನ್ನಡಿಗರು, ಈ ನಗರಕ್ಕೆ ಗಣಕವಿದ್ಯೆಯು ಪರದೇಶದ ಕಂಪನಿಗಳ ಬೆನ್ನುಹಿಡಿದು ನಿನ್ನೆ ಮೊನ್ನೆ ಬಂದಿತೆಂದು ಭಾವಿಸುವುದು ಸಹಜವಾದರೂ, ಅದೇ ಮಾರ್ಗದ ನಾಲ್ಕನೆಯ ಕಿಲೋಮೀಟರಿನ ಬಳಿಯಿರುವ ಬಲ್ಗೇರಿಯನ್ ವಿಜ್ಞಾನ ಅಕಾಡೆಮಿಯ ಆವರಣದ ಚರಿತ್ರೆಯನ್ನು ಬಲ್ಲವರು ಆ ಭಾವನೆಯನ್ನು ಒಪ್ಪಲಾರರು.

ಅಕಾಡೆಮಿಯ ಗಣಿತ ಸಂಸ್ಥೆಯಲ್ಲಿ 1965ರಲ್ಲಿ ರೂಪುಗೊಂಡ ಎಲ್ಕಾ ಎಂಬ ವಿದ್ಯುನ್ಮಾನ ಗಣನಯಂತ್ರವು, ಜಗತ್ತಿನಲ್ಲಿ ಅಂಥ ಯಂತ್ರಗಳು ಬೆರಳೆಣಿಕೆಯಷ್ಟೇ ಇದ್ದ ಕಾಲದಲ್ಲಿ ಹುಟ್ಟಿದುದು. ಅದರ ಬಳಿಕ ಜಪಾನಿನ ಫುಜಿತ್ಸು ಕಂಪನಿಯಿಂದ ಪರವಾನಗಿ ಪಡೆದು ದೊಡ್ಡ ಗಣಕಗಳನ್ನೂ ಇಲ್ಲಿಯೇ ಕಟ್ಟಿದರು. ಆದರೆ ಜನಸಾಮಾನ್ಯರ ನೆನಪಿನಲ್ಲಿ ಅಚ್ಚಳಿಯದೆ ಉಳಿದಿರುವ ಹೆಸರು ಪ್ರಾವೆಟ್ಸ್.

ಸೇನೆಗೂ ಮನೆಗೂ ಏಕಪ್ರಕಾರವಾಗಿ ಒದಗಬಲ್ಲ ವಸ್ತುವಾದುದರಿಂದ, ಗಣಕವು ಸೋವಿಯೆತ್ ಬಣದ ದೇಶಗಳ ಕೈಸೇರಬಾರದೆಂದು ಪಶ್ಚಿಮ ರಾಷ್ಟ್ರಗಳು ಕೋಕಾಂ ಎಂಬ ಸಮಿತಿಯ ಮೂಲಕ ವಾಣಿಜ್ಯ ನಿರ್ಬಂಧವನ್ನು ವಿಧಿಸಿದ್ದ ಕಾಲವದು. ಆ ನಿರ್ಬಂಧದ ನಡುವೆ, ಸೋಫಿಯಾದ ತಾಂತ್ರಿಕ ಸೈಬರ್ನೆಟಿಕ್ಸ್ ಮತ್ತು ರೋಬಾಟಿಕ್ಸ್ ಸಂಸ್ಥೆಯಲ್ಲಿ ಇವಾನ್ ಮರಂಗೋಜೊವ್ ಮತ್ತು ಅವರ ಸಹೋದ್ಯೋಗಿಗಳು 1980ರ ಹೊತ್ತಿಗೆ ಇಮ್ಕೋ ಎಂಬ, ಬಲ್ಗೇರಿಯಾದ ಪ್ರಥಮ ವೈಯಕ್ತಿಕ ಗಣಕವನ್ನು ಸಿದ್ಧಪಡಿಸಿದರು. ಅದರ ಪರಿಷ್ಕೃತ ರೂಪವು, ನಗರದಿಂದ ಸುಮಾರು 60 ಕಿಲೋಮೀಟರು ದೂರದ ಪ್ರಾವೆಟ್ಸಿನ ಕಾರ್ಖಾನೆಯಲ್ಲಿ ಪ್ರಾವೆಟ್ಸ್-82 ಎಂಬ ಹೆಸರಿನಿಂದ ತಯಾರಾಯಿತು. ಪ್ರಾವೆಟ್ಸ್ ಅಂದಿನ ರಾಷ್ಟ್ರನಾಯಕ ತೊದೊರ್ ಝಿವ್ಕೊವರ ಹುಟ್ಟೂರು. ಬೆಟ್ಟಗಳ ನಡುವಣ ಆ ಸಣ್ಣ ಊರಿಗೆ ಇಂಥ ಕಾರ್ಖಾನೆ ಒದಗಿದುದರಲ್ಲಿ ಅವರ ಅಭಿಮಾನದ ಪಾಲೂ ಇದ್ದೀತು.

ಈ ಗಣಕವು ಅಮೆರಿಕದ ಆಪಲ್-2 ಯಂತ್ರದ ಪ್ರತಿಕೃತಿಯೆಂಬುದು ಸತ್ಯ, ಅದನ್ನು ಮುಚ್ಚಿಡುವ ಅಗತ್ಯವೂ ಇಲ್ಲ. ಆದರೆ ಪ್ರತಿಕೃತಿಯೆಂದು ತಳ್ಳಿಹಾಕುವ ಮುನ್ನ ಅದರ ಅಕ್ಷರಗಳನ್ನು ಒಮ್ಮೆ ನೋಡಬೇಕು. ಇಂಗ್ಲಿಷಿನ ಸಣ್ಣಕ್ಷರಗಳಿಗೆ ಮೀಸಲಾಗಿದ್ದ ಸಂಕೇತಸ್ಥಾನಗಳಲ್ಲಿ ಇಲ್ಲಿನವರು ತಮ್ಮ ಸಿರಿಲಿಕ್ ಲಿಪಿಯನ್ನು ಕೂರಿಸಿದರು. ಅದರಿಂದಾಗಿ ಹೊರದೇಶದ ತಂತ್ರಾಂಶವೊಂದು ಸಣ್ಣಕ್ಷರಗಳಲ್ಲಿ ಬರೆದ ಸಂದೇಶವು ಪರದೆಯ ಮೇಲೆ ಅರ್ಥವಿಲ್ಲದ ಸಿರಿಲಿಕ್ ಸಾಲಾಗಿ ಮೂಡುತ್ತಿದ್ದರೂ, ಶಾಲೆಯ ಮಗುವು ತನ್ನ ಹೆಸರನ್ನು ತನ್ನ ಲಿಪಿಯಲ್ಲಿಯೇ ಬರೆಯಲು ಶಕ್ತವಾಯಿತು. ಗಣಕದಲ್ಲಿ ಕನ್ನಡ ಮೂಡಿಸಲು ಪಟ್ಟ ಪಾಡನ್ನು ಅರಿತ ನಮಗೆ ಆ ತಂತ್ರಜ್ಞರ ಶ್ರಮದ ಬೆಲೆ ತಿಳಿಯದೆ ಇರದು. ಒಂದು ಯಂತ್ರವನ್ನು ಬಿಚ್ಚಿ, ಅದರ ಒಂದೊಂದು ಅಂಗದ ಧರ್ಮವನ್ನು ಗ್ರಹಿಸಿ, ದೊರೆತ ಬಿಡಿಭಾಗಗಳಿಂದಲೇ ಮರಳಿ ಕಟ್ಟುವುದು ಸಣ್ಣ ವಿದ್ಯೆಯಲ್ಲವೆಂದೇ ನನ್ನ ಅಭಿಪ್ರಾಯ.

ಆ ವಿದ್ಯೆಯು ಶಾಲೆಗಳಿಗೆ ಹರಿಯಿತು. ಹಿಂದೆಯೇ, ದೂರದರ್ಶನ ಪೆಟ್ಟಿಗೆಗೆ ಜೋಡಿಸಿಕೊಳ್ಳಬಹುದಾದ ಪ್ರಾವೆಟ್ಸ್-8ಡಿ ಮನೆಗಳನ್ನೂ ಹೊಕ್ಕಿತು. 1989ರ ಮೇ ತಿಂಗಳಿನಲ್ಲಿ, ಇಂದು ಭಾರತದ ವಿದ್ಯಾರ್ಥಿಗಳೂ ಭಾಗವಹಿಸುವ ಅಂತರರಾಷ್ಟ್ರೀಯ ಇನ್ಫರ್ಮ್ಯಾಟಿಕ್ಸ್ ಒಲಿಂಪಿಯಾಡ್ ಸ್ಪರ್ಧೆಯು ಪ್ರಪ್ರಥಮವಾಗಿ ನಡೆದುದು ಅದೇ ಪ್ರಾವೆಟ್ಸ್ ಊರಿನಲ್ಲಿ. 13 ದೇಶಗಳ ಬಾಲಕಬಾಲಕಿಯರು ಅಲ್ಲಿ ನೆರೆದಿದ್ದರು.

ಅದೇ ವರ್ಷದ ನವೆಂಬರ್ 10ರಂದು ಝಿವ್ಕೊವ್ ಅಧಿಕಾರದಿಂದ ಇಳಿದರು. 1991ರಲ್ಲಿ ಸೋವಿಯೆತ್ ಬಣದ ಆರ್ಥಿಕ ಒಕ್ಕೂಟವೇ ವಿಸರ್ಜನೆಗೊಂಡಿತು. ಕೊಳ್ಳುವವರು ಇಲ್ಲವಾದ ಮೇಲೆ ಕಾರ್ಖಾನೆಗಳು ಒಂದೊಂದಾಗಿ ನಿಂತುಹೋದುವು. ಕುಶಲ ಕೈಗಳು ಚದುರಿದುವು, ಎಷ್ಟೋ ಮಂದಿ ದೇಶವನ್ನೇ ತೊರೆದರು. ಆದರೂ ಪ್ರಾವೆಟ್ಸಿನ ಮುಂದೆ ಕುಳಿತು ಮೊದಲ ಪಾಠ ಕಲಿತ ಪೀಳಿಗೆ ಉಳಿಯಿತು, ಮತ್ತು ಇಂದು ನಮಗೆ ಅನ್ನ ಕೊಡುತ್ತಿರುವ ಉದ್ಯಮದ ತಳಹದಿ ಆ ಪೀಳಿಗೆಯೇ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ನಮ್ಮ ಕಚೇರಿಗಳಲ್ಲಿ ಅಂಥ ಹಿರಿಯರು ಇಂದಿಗೂ ಇದ್ದಾರೆ. ನಮ್ಮ ಸಂಘದ ಸದಸ್ಯರು ಈ ಹಳೆಯ ಯಂತ್ರಗಳನ್ನು ಕಾಣಲು ಮಕ್ಕಳೊಡನೆ ಒಪಾಲ್ಚೆನ್ಸ್ಕಾ ಬೀದಿಯ ರಾಷ್ಟ್ರೀಯ ಪಾಲಿಟೆಕ್ನಿಕ್ ವಸ್ತುಸಂಗ್ರಹಾಲಯಕ್ಕೆ ಒಮ್ಮೆ ಹೋಗಿಬರಬೇಕೆಂದೂ, ಪಕ್ಕದ ಮೇಜಿನ ಹಿರಿಯ ಸಹೋದ್ಯೋಗಿಯನ್ನು ಪ್ರಾವೆಟ್ಸಿನ ವಿಷಯವಾಗಿ ಕೇಳಿ, ಅವರು ಹೇಳಿದುದನ್ನು ಕನ್ನಡದಲ್ಲಿ ಬರೆದು ಈ ಪತ್ರಿಕೆಗೆ ಕಳುಹಿಸಬೇಕೆಂದೂ ವಿನಂತಿಸಿಕೊಳ್ಳುತ್ತೇನೆ.